ಉಂಡ ಜೋಳದ ಋಣ

(ನಮ್ಮ ಸಹಕಾರ ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಮಗೂ ನಾಲ್ಕು ಮಾತಾಡಲು ಅವಕಾಶ ಕೊಟ್ಟಿದ್ದಕ್ಕೆ ಮೊದಲು ವಂದನೆಗಳು. ಸಾಲ, ಠೇವಣಿ, ವಸೂಲಿ, ಗೊಬ್ಬರ ಎಲ್ಲದರ ಲೆಕ್ಕವನ್ನು ಕಾರ್ಯದರ್ಶಿಗಳು ಈಗಾಗಲೇ ಓದಿ ಹೇಳಿದ್ದಾರೆ. ನಾವು ಓದಿದ್ದು ಎಸ್.ಎಸ್.ಎಲ್.ಸಿ. ಮಾತ್ರ. ಆ ಲೆಕ್ಕದ ಮೇಲೆ ಮತ್ತೊಂದು ಲೆಕ್ಕ ಹೇಳುವಷ್ಟು ವಿದ್ವಾಂಸರು ನಾವಲ್ಲ. ಅದಕ್ಕೇ ನಮ್ಮೆಲ್ಲರ ಮನೆಯ ಅಡಿಗೆ ಕೋಣೆಗೆ ಸಂಬಂಧಪಟ್ಟ ಒಂದು ವಿಷಯ ಹೇಳ್ತೀವಿ. ಊಟದ ವಿಷಯ. ರೊಟ್ಟಿ ವಿಷಯ. ಇದರಲ್ಲಿ ಸಂಘದ್ದೇನು ಕೆಲಸ ಅಂತ ನೀವು ಕೇಳಬಹುದು. ಕೆಲಸ ಇದೆ. ಕಡೆಗೆ ಹೇಳ್ತೀವಿ.

ನಾವು ಹೈಸ್ಕೂಲಿನಲ್ಲಿದ್ದಾಗ ಕನ್ನಡ ಮೇಷ್ಟ್ರು ಒಂದು ಮಾತು ಹೇಳಿದ್ದರು. ಹಳಗನ್ನಡ ಕಾವ್ಯಗಳಲ್ಲಿ 'ಜೋಳವಾಳಿ' ಅಂತ ಒಂದು ಶಬ್ದ ಬರ್ತದಂತೆ. ಅಂದರೆ ಉಂಡ ಜೋಳದ ಋಣ. ಅನ್ನ ಹಾಕಿದ ಒಡೆಯನಿಗಾಗಿ ಯುದ್ಧದಲ್ಲಿ ಪ್ರಾಣ ಕೊಟ್ಟು ವೀರರು ಈ ಋಣ ತೀರಿಸುತ್ತಿದ್ದರಂತೆ. ಮೇಷ್ಟ್ರು ಕೇಳಿದ್ದರು: "ನೋಡ್ರೋ, ಸಾವಿರ ವರ್ಷದ ಹಿಂದೆ ಕನ್ನಡದವರು ಅಕ್ಕಿ ಋಣ ಅನ್ನಲಿಲ್ಲ, ಜೋಳದ ಋಣ ಅಂದರು. ಯಾಕೆ?" ಹಿಂದಿನ ಬೆಂಚಿನಲ್ಲಿದ್ದ ನಾವು, "ಸರ್, ಆಗ ಅಕ್ಕಿ ಹಬ್ಬಕ್ಕಷ್ಟೇ ಇತ್ತ್ರೀ" ಅಂದೆವು. ಕ್ಲಾಸೆಲ್ಲ ನಕ್ಕಿತು. ಆದರೆ ನಾವು ಹೇಳಿದ್ದು ಸಾವಿರ ವರ್ಷದ ಹಿಂದಿನ ಮಾತಲ್ಲ, ನಮ್ಮ ಮನೆಯ ಮಾತು.

ಈಗಿನ ಹುಡುಗರಿಗೆ ಇದು ತಿಳಿಯಲಿಕ್ಕಿಲ್ಲ. ನಾವು ಸಣ್ಣವರಿದ್ದಾಗ, ಅಂದರೆ 1980ರ ದಶಕದಲ್ಲಿ, ನಮ್ಮ ಮನೆಯಲ್ಲಿ ಅನ್ನ ಕಾಣುತ್ತಿದ್ದುದು ಎರಡೇ ಸಲ: ಹಬ್ಬ ಬಂದಾಗ, ಜ್ವರ ಬಂದಾಗ. ಹಬ್ಬ ನಮ್ಮ ಕೈಯಾಗ ಇರಲಿಲ್ಲ, ಜ್ವರ ಇತ್ತು. ಕುಲಾಯಿ ಹಾಕಿಕೊಂಡು, ಕೌದಿ ಹೊದ್ದು ಒಲಿ ಮುಂದೆ ಕುಂತು ಮೈ ಬಿಸಿ ಮಾಡಿಕೊಂಡು, "ಅಜ್ಜೀ, ಜ್ವರ ಬಂದಾವ" ಅಂತಿದ್ದೆವು. ಅಜ್ಜಿ ಹಣೆ ಮುಟ್ಟಿ ನೋಡಿ, "ಒಲಿ ಜ್ವರ ಇದು, ಏಳು ತಮ್ಮಾ, ರೊಟ್ಟಿ ತಿನ್ನು" ಅಂತಿದ್ದಳು. ಆದರೂ ಒಮ್ಮೊಮ್ಮೆ ಕರುಣೆ ಬಂದು ಒಂದು ಹಿಡಿ ಅಕ್ಕಿ ಗಂಜಿ ಮಾಡಿಕೊಡುತ್ತಿದ್ದಳು. ಆ ಗಂಜಿಯ ರುಚಿ ಈಗ ದಿನಾ ಸೋನಾ ಮಸೂರಿ ಉಂಡರೂ ಸಿಗೋದಿಲ್ಲ.

ಉಳಿದ ದಿನವೆಲ್ಲ ರೊಟ್ಟಿ. ನಮ್ಮ ಕಡೆ ರೊಟ್ಟಿ ಅಂದರೆ ಜೋಳದ ರೊಟ್ಟಿಯೇ, ಬೇರೆ ಹೆಸರು ಹೇಳಬೇಕಾಗಿಲ್ಲ. ಬೆಳಗಿನ ಜಾವ ನಮಗೆ ಎಚ್ಚರವಾಗುತ್ತಿದ್ದುದೇ ಅವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೆ. ಹೊಲಕ್ಕೆ ಹೋಗುವವರ ಬುತ್ತಿಯಲ್ಲಿ ರೊಟ್ಟಿ, ಪುಂಡಿ ಪಲ್ಯ, ಗುರೆಳ್ಳು ಪುಡಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಉಳ್ಳಾಗಡ್ಡಿಯನ್ನು ಚಾಕುವಿನಿಂದ ಹೆಚ್ಚುವ ರೂಢಿ ಇಲ್ಲ, ಮುಷ್ಟಿಯಿಂದ ಗುದ್ದಬೇಕು. ಚಳಿಗಾಲಕ್ಕೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ರಾತ್ರಿ ಜೋಳದ ನುಚ್ಚು ಇಲ್ಲವೆ ಸಂಗಟಿ, ಬೇಸಿಗೆಗೆ ಅಂಬಲಿ. ಹಾಲು ಬಿಟ್ಟ ಹಸಿ ತೆನೆ ಸುಟ್ಟು ತಿಕ್ಕಿ ತಿನ್ನುವ ಸೀತನಿ. ಎಳ್ಳಮಾವಾಸ್ಯೆ ದಿನ ಮನೆಮಂದಿಯೆಲ್ಲ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ನಿಂತ ಜೋಳದ ನಡುವೆ ಕುಂತು ಉಣ್ಣುತ್ತಿದ್ದೆವು. ನಾವು ತಿನ್ನುವ ರೊಟ್ಟಿ ಎಲ್ಲಿಂದ ಬಂತು ಅಂತ ಯಾರೂ ನಮಗೆ ಪಾಠ ಮಾಡಬೇಕಾಗಿರಲಿಲ್ಲ. ಅದರ ನಡುವೆಯೇ ಕುಂತಿರುತ್ತಿದ್ದೆವು.

ಜೋಳ ಹೊಟ್ಟೆಗಷ್ಟೇ ಅಲ್ಲ, ಊರಿನ ವ್ಯವಹಾರಕ್ಕೂ ಜೋಳವೇ ಇತ್ತು. ಕಣದಲ್ಲಿ ರಾಶಿ ಆದಾಗ ಬಡಿಗೇರರಿಗೆ, ಕಮ್ಮಾರರಿಗೆ, ಕುಂಬಾರರಿಗೆ, ಹಡಪದವರಿಗೆ ಆಯ ಅಂತ ಅಳೆದು ಕೊಡುತ್ತಿದ್ದರು. ಭಿಕ್ಷಕ್ಕೆ ಬಂದ ಜಂಗಮರಿಗೆ ಒಂದು ಹಿಡಿ. ದಂಟು ಎತ್ತಿಗೆ ಮೇವು. ಉಳಿದ ಕಾಳು ಹಗೇವಿಗೆ. ಹಗೇವು ತೆಗೆದ ದಿನ ಆ ಬಿಸಿ ಹವೆ ಹೋಗುವ ತನಕ ಯಾರನ್ನೂ ಒಳಗೆ ಇಳಿಸುತ್ತಿರಲಿಲ್ಲ. ಹಗೇವು ತುಂಬಿದ ಮನೆಯನ್ನು ಬ್ಯಾಂಕಿನಲ್ಲಿ ಹಣವಿದ್ದ ಮನೆಯಂತೆ ಜನ ನೋಡುತ್ತಿದ್ದರು.

ಹಿಂದಿನದೆಲ್ಲ ಚೆಂದ, ಈಗಿನದೆಲ್ಲ ಕೆಟ್ಟದ್ದು ಅಂತ ಹೇಳಲು ನಾವು ನಿಂತಿಲ್ಲ. ಸುಳ್ಳು ಹೇಳಬಾರದು. ಎಲ್ಲರ ಮನೆಯಲ್ಲೂ ಹಗೇವು ಇರಲಿಲ್ಲ. ಭೂಮಿ ಇಲ್ಲದವರು ಕೂಲಿಗೆ ಬಂದ ಕಾಳಿನಲ್ಲಿ ದಿನ ದೂಡಿದರು. 1972ರ ಬರದ ಕಥೆಯನ್ನು ನಮ್ಮ ಅಜ್ಜಿ ಹೇಳಿದಾಗಲೆಲ್ಲ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹೊಲದಲ್ಲಿ ಒಂದು ತೆನೆ ಇಲ್ಲ, ಹಗೇವಿನ ತಳ ಕೆರೆದಾಯಿತು, ಕಡೆಗೆ ರೇಷನ್ನಿನಲ್ಲಿ ಬಂದ ಹೊರಗಿನ ಕೆಂಪುಜೋಳ ತಿಂದೆವು ಅಂತಿದ್ದಳು. "ಆ ಜೋಳದ ಹಿಟ್ಟು ಹಂಚಿಗೆ ಹಾಕಿದ್ರ ಹರೀತಿತ್ತು ತಮ್ಮಾ, ಆದ್ರೂ ಅದನ್ನೂ ಅರ್ಧ ನಿಮ್ಮಪ್ಪಗ ಇಟ್ಟು, ನೀರು ಕುಡದು ಮಲಗೀವಿ." ಇಂಥ ಮಾತು ಕೇಳಿ ಬೆಳೆದವರು ನಾವು. ತಟ್ಟೆಯಲ್ಲಿ ರೊಟ್ಟಿಯ ಚೂರು ಬಿಟ್ಟು ಎದ್ದರೆ ಅಜ್ಜಿ ಬೈಯುತ್ತಿರಲಿಲ್ಲ, ತಾನೇ ಎತ್ತಿ ತಿನ್ನುತ್ತಿದ್ದಳು. ಬೈಗಳಿಗಿಂತ ಅದು ಹೆಚ್ಚು ನಾಟುತ್ತಿತ್ತು. ಇವತ್ತಿಗೂ ನಾವು ತಟ್ಟೆಯಲ್ಲಿ ಏನೂ ಬಿಡೋದಿಲ್ಲ.

ಆಮೇಲೆ ನೀರು ಬಂತು. ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ, ಆಗಿನ ಮದ್ರಾಸ್ ಮತ್ತು ಹೈದರಾಬಾದ್ ಸರಕಾರಗಳು ಕೂಡಿ ಮಾಡಿದ ಯೋಜನೆ. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ನಮ್ಮ ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಈ ಯೋಜನೆ ಮಾಡಿದಾಗ ನಮ್ಮ ಭೂಮಿಯಲ್ಲಿ ಬಹುಪಾಲನ್ನು ಭತ್ತಕ್ಕೆ ಅಂತ ಬರೆದಿರಲಿಲ್ಲ. ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ ಅಲ್ಪ ನೀರಾವರಿ ಅಂತ ಬರೆದಿದ್ದರು. ಬರದ ನಾಡು, ಇದ್ದ ನೀರು ಹೆಚ್ಚು ಜನಕ್ಕೆ ಮುಟ್ಟಲಿ ಅನ್ನುವುದು ಅದರ ಉದ್ದೇಶ. ಆದರೆ ಕಾಗದದ ಮೇಲೆ ಬರೆದದ್ದು ಒಂದು, ಹೊಲದಲ್ಲಿ ಆದದ್ದು ಒಂದು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ನಿಂತಿತು, ಕೊನೆಭಾಗದವರು ನೀರಿಗಾಗಿ ಇವತ್ತಿಗೂ ಕೂಗುತ್ತಿದ್ದಾರೆ.

ಭತ್ತ ಹಚ್ಚುವ ಕಸಬು ನಮಗೆ ಗೊತ್ತಿರಲಿಲ್ಲ. ಕರಾವಳಿ ಆಂಧ್ರದಿಂದ ಬಂದ ರೈತರು ಕ್ಯಾಂಪು ಕಟ್ಟಿಕೊಂಡು, ಭೂಮಿ ಮಟ್ಟ ಮಾಡಿ ಗದ್ದೆ ಮಾಡಿದರು. ನಾವು ಬದುವಿನ ಮೇಲೆ ನಿಂತು ನೋಡಿ ನೋಡಿ ಕಲಿತೆವು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೂ ಸರಕಾರ ಸಿಂಧನೂರಿನ ಹತ್ತಿರ ನೆಲೆ ಮಾಡಿಕೊಟ್ಟಿತು. ಆರ್.ಎಚ್. ಕ್ಯಾಂಪು ಅಂತ ಎಲ್ಲರಿಗೂ ಗೊತ್ತು. ಅವರಿಗೆ ಅನ್ನ ಮೀನು ಬೇಕು. ಎಷ್ಟು ದೂರದಿಂದ, ಎಷ್ಟು ಕಷ್ಟದಿಂದ ಬಂದರೂ ತಮ್ಮ ನಾಲಗೆಯನ್ನು ಅವರು ಬಿಟ್ಟು ಬರಲಿಲ್ಲ. ಈ ಮಾತು ನೆನಪಿಡಿ. ಊರು ಬಿಟ್ಟು ಬಂದವರು ತಮ್ಮ ಊಟ ಉಳಿಸಿಕೊಂಡರು. ಊರಲ್ಲೇ ಇದ್ದ ನಾವು ನಮ್ಮ ಊಟ ಕಳೆದುಕೊಂಡೆವು.

ನಮ್ಮ ತಂದೆಯವರು ಹೊಲ ಮಟ್ಟ ಮಾಡಿಸಿ ಮೊದಲ ಭತ್ತ ಹಚ್ಚಿದ್ದು 1990ರ ಆಸುಪಾಸಿನಲ್ಲಿ. ಆ ಭತ್ತ ನಮ್ಮನ್ನು ಎತ್ತಿ ನಿಲ್ಲಿಸಿತು, ಇಲ್ಲ ಅನ್ನಬಾರದು. ಮಣ್ಣಿನ ಮೇಲ್ಮುದ್ದೆ ಹೋಗಿ ಸಿಮೆಂಟಿನ ಮನೆ ಆಯಿತು. ಅಕ್ಕನ ಮದುವೆ ಆಯಿತು. ನಮ್ಮ ಮಗಳು ಕಾಲೇಜು ಮೆಟ್ಟಿಲು ಹತ್ತಿದ್ದು ಭತ್ತದ ದುಡ್ಡಿನಿಂದಲೇ. ಈ ಸಂಘ ನಿಂತದ್ದೂ ಭತ್ತದ ಸಾಲ, ಭತ್ತದ ಗೊಬ್ಬರದ ಮೇಲೆಯೇ. ಹಾಗಾಗಿ ಭತ್ತಕ್ಕೆ ನಾವು ಕೈ ಮುಗಿಯುತ್ತೇವೆ. ಆದರೆ ವರ್ಷ ವರ್ಷ ಒಂದೊಂದು ಹೊಲ ಗದ್ದೆ ಆಗ್ತಾ ಆಗ್ತಾ ಒಂದು ದಿನ ನೋಡಿದರೆ ನಮ್ಮ ಮನೆಯಲ್ಲಿ ಜೋಳದ ಚೀಲವೇ ಇರಲಿಲ್ಲ. ಯಾವ ವರ್ಷ ನಿಂತಿತು ಅಂತ ಕೇಳಿದರೆ ಹೇಳಲು ಬರೋದಿಲ್ಲ. ಎತ್ತು ಮಾರಿದ ವರ್ಷ ನೆನಪಿದೆ, ಟ್ರ್ಯಾಕ್ಟರ್ ತಂದ ವರ್ಷ ನೆನಪಿದೆ, ಜೋಳ ನಿಂತ ವರ್ಷ ನೆನಪಿಲ್ಲ.

2003ರಲ್ಲಿ ಬರ ಬಿದ್ದು, ಕಾಲುವೆಗೆ ನೀರು ಸಾಲದೆ, ಊರಿನ ಹತ್ತೆಂಟು ಹುಡುಗರ ಜೋಡಿ ನಾವೂ ಬೆಂಗಳೂರಿಗೆ ಗುಳೆ ಹೋದೆವು, ಕಟ್ಟಡದ ಕೆಲಸಕ್ಕೆ. ಹೊರಡುವಾಗ ಅವ್ವ ಒಂದು ಚೀಲ ಕಟಕ ರೊಟ್ಟಿ ಕಟ್ಟಿಕೊಟ್ಟಿದ್ದಳು. ಅಲ್ಲಿ ನಮ್ಮ ಜೋಡಿ ಮಂಡ್ಯ ಕಡೆಯ ಕೆಲಸಗಾರರಿದ್ದರು. ಅವರು ಮುದ್ದೆಯನ್ನು ಅಗಿಯದೆ ನುಂಗುವುದನ್ನು ನೋಡಿ ನಾವು ಬೆರಗಾದೆವು. ನಾವು ಕಟಕ್ ಕಟಕ್ ಅಂತ ರೊಟ್ಟಿ ಅಗಿಯುವುದನ್ನು ಕೇಳಿ ಅವರು ನಕ್ಕರು. ಒಬ್ಬ ಹಿರಿಯ ಮೇಸ್ತ್ರಿ, "ಏನಣ್ಣಾ, ಹಪ್ಪಳಾನೇ ಊಟ ಮಾಡ್ತೀರಾ ನಿಮ್ ಕಡೆ?" ಅಂದ. ಅಕ್ಕಿ ತಿಂದವ ಹಕ್ಕಿ, ಜೋಳ ತಿಂದವ ತೋಳ, ರಾಗಿ ತಿಂದವ ನಿರೋಗಿ ಅನ್ನೋ ಗಾದೆ ಹೇಳಿ ನಾವೂ ನಕ್ಕೆವು. ನಾಲ್ಕನೇ ದಿನ ಅವನು ನಮ್ಮ ರೊಟ್ಟಿ, ಗುರೆಳ್ಳು ಪುಡಿ ಕೇಳಿ ಇಸಕೊಂಡ. ನಾವು ಅವನ ಸೊಪ್ಪಿನ ಸಾರಿನಲ್ಲಿ ಮುದ್ದೆ ನುಂಗಲು ಕಲಿತೆವು. ಆದರೆ ಇಪ್ಪತ್ತು ದಿನಕ್ಕೆ ರೊಟ್ಟಿ ಚೀಲ ಖಾಲಿ ಆದಾಗ ನಮ್ಮ ಹುಡುಗರ ಮುಖ ನೋಡಬೇಕಿತ್ತು. ಹೊಟ್ಟೆ ತುಂಬ ಅನ್ನ ಉಂಡರೂ, "ಇನ್ನೂ ಊಟ ಆಗಿಲ್ಲ" ಅಂತ ಅನಿಸ್ತಿತ್ತು. ನಮ್ಮಲ್ಲೊಬ್ಬ ಮಲಗಿದಾಗ ಚೀಲದ ತಳದಲ್ಲಿದ್ದ ರೊಟ್ಟಿ ಪುಡಿಯನ್ನು ಕೈಯಾಗ ಹಾಕಿಕೊಂಡು ಒಂದೊಂದೇ ಚೂರು ಬಾಯಾಗ ಇಟ್ಟುಕೊಳ್ಳುತ್ತಿದ್ದ. ನಾವು ನೋಡಿಯೂ ನೋಡದಂಗ ಆ ಕಡೆ ತಿರುಗಿ ಮಲಗಿದೆವು. ನಾಲಗೆ ಎಲ್ಲಿ ಬೆಳೆದಿತ್ತೋ ಆ ಊರನ್ನು ಮರೆಯೋದಿಲ್ಲ ಅಂತ ನಮಗೆ ತಿಳಿದದ್ದು ಅವತ್ತು.

2013ರ ಜುಲೈನಲ್ಲಿ ಅನ್ನಭಾಗ್ಯ ಬಂತು. ಒಂದು ರೂಪಾಯಿಗೆ ಒಂದು ಕಿಲೋ ಅಕ್ಕಿ. ಬಡವರ ಮನೆಯಲ್ಲಿ ಹಸಿದು ಮಲಗುವುದು ತಪ್ಪಿತು. 1972ರ ಕಥೆ ಕೇಳಿ ಬೆಳೆದ ನಾವು ಇದಕ್ಕೆ ಅಡ್ಡ ಮಾತು ಆಡೋದಿಲ್ಲ. ನಮ್ಮ ಭಾಗದಲ್ಲಿ ಆಗಾಗ ರೇಷನ್ನಿನಲ್ಲಿ ಜೋಳವನ್ನೂ ಕೊಟ್ಟಿದ್ದಾರೆ. ಆದರೆ ಬಂದದ್ದರಲ್ಲಿ ಹೆಚ್ಚು ಅಕ್ಕಿಯೇ. ಗದ್ದೆಯಲ್ಲೂ ಅಕ್ಕಿ, ಅಂಗಡಿಯಲ್ಲೂ ಅಕ್ಕಿ, ಶಾಲೆಯ ಬಿಸಿಯೂಟದಲ್ಲೂ ಅಕ್ಕಿ. ಹಬ್ಬದ ಊಟ ದಿನದ ಊಟ ಆಯಿತು, ದಿನದ ಊಟ ಹಬ್ಬದ ಊಟ ಆಯಿತು. ಈಗ ನಮ್ಮ ಮಕ್ಕಳು ಎಳ್ಳಮಾವಾಸ್ಯೆಗೆ, ಜಾತ್ರೆಗೆ ರೊಟ್ಟಿ ತಿಂತಾರೆ.

ಇನ್ನು ನಮ್ಮ ಮನೆಯ ಒಂದು ನಾಚಿಕೆಯ ಮಾತು ಹೇಳ್ತೀವಿ. 2022ರಲ್ಲಿ ನಮ್ಮ ಅವ್ವನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಅನ್ನ ಕಡಿಮೆ ಮಾಡಿ, ರೊಟ್ಟಿ ಪಲ್ಯ ಜಾಸ್ತಿ ಮಾಡಿ ಅಂದರು. ಅವ್ವ ನಕ್ಕು, "ಮೊದ್ಲ ಅದನ್ನ ತಿಂತಿದ್ದಿವಲ್ರೀ ಸಾಹೇಬ್ರ, ನೀವು ಈಗ ಹೇಳ್ತೀರಿ" ಅಂದಳು. ಮನೆಗೆ ಬಂದು ನೋಡಿದರೆ ಪಡಸಾಲೆಯಲ್ಲಿ ಅರವತ್ತು ಚೀಲ ಭತ್ತ ಇದೆ, ಜೋಳ ಒಂದು ಸೇರು ಇಲ್ಲ. ಸಿಂಧನೂರಿನ ಬಜಾರಕ್ಕೆ ಹೋಗಿ ಒಂದು ಅಂಗಡಿಯಲ್ಲಿ ಇಪ್ಪತ್ತು ಕಿಲೋ ಬಿಳಿಜೋಳ ಕೇಳಿದೆವು. ಅಂಗಡಿಯವರು ನಮ್ಮ ಕೊರಳಲ್ಲಿದ್ದ ಟವೆಲ್ಲು, ಕಾಲಲ್ಲಿದ್ದ ಕೆಸರು ನೋಡಿ, "ಯಜಮಾನ್ರೆ, ನೀವು ರೈತರಲ್ಲೇನ್ರೀ? ಜೋಳ ಕೊಳ್ಳಾಕ ಬಂದೀರಿ" ಅಂದರು. ತಮಾಷೆಗೇ ಅಂದದ್ದು. ಆದರೆ ಬಸ್ಸಿನಲ್ಲಿ ಆ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಬರುವಾಗ ನಮಗೆ ತಲೆ ಎತ್ತಲಾಗಲಿಲ್ಲ. ನಮ್ಮ ಅಜ್ಜ, ಮುತ್ತಜ್ಜ ಯಾರೂ ಜೋಳವನ್ನು ಕೊಂಡು ತಂದವರಲ್ಲ.

ಜೋಳ ಔಷಧ ಅಂತ ನಾವು ಹೇಳುತ್ತಿಲ್ಲ. ಅವ್ವ ಈಗಲೂ ಮಾತ್ರೆ ನುಂಗ್ತಾಳೆ, ತಪಾಸಣೆಗೆ ಹೋಗ್ತಾಳೆ. ನೀವೂ ಯಾರೂ ಮಾತ್ರೆ ಬಿಡಬೇಡಿ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದ ಪಟ್ಟಿ ಪ್ರಕಾರ ನೂರು ಗ್ರಾಂ ಜೋಳದಲ್ಲಿ ನಾರಿನಂಶ ಸುಮಾರು 10 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಒಳಗೆ. ಕಬ್ಬಿಣದ ಅಂಶವೂ ಜೋಳದಲ್ಲಿ ಹಲವು ಪಟ್ಟು ಹೆಚ್ಚು. 2023ನೇ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸಿತು. ಪಟ್ಟಣದ ಅಂಗಡಿಗಳಲ್ಲಿ ಜೋಳ, ಸಜ್ಜೆ, ನವಣೆ ಬಣ್ಣದ ಚೀಲಗಳಲ್ಲಿ ಕುಂತವು. ಜಗತ್ತು ನಮ್ಮ ಅಜ್ಜಿಯ ಊಟವನ್ನು ಹೊಗಳುವಾಗ ಅಜ್ಜಿಯ ಊರಿನಲ್ಲಿ ಆ ಊಟ ಇರಲಿಲ್ಲ.

2024ರ ಆಗಸ್ಟ್ 10ರ ರಾತ್ರಿ ನಿಮಗೆಲ್ಲ ನೆನಪಿದೆ. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನು ಹರಿದು ಕೊಚ್ಚಿಕೊಂಡು ಹೋಯಿತು. ತುಂಬಿದ ಡ್ಯಾಮು, ಕಣ್ಣೆದುರಿಗೇ ನೀರು ನದಿಗೆ ಹರಿದು ಹೋಗ್ತಿತ್ತು. ಊರಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಆಗ ತಾನೇ ನಾಟಿ ಮಾಡಿದ ಗದ್ದೆ, ಅದರ ಮೇಲೆ ಸಂಘದ ಸಾಲ, ಅಂಗಡಿ ಬಾಕಿ. ತಜ್ಞರು, ಕೆಲಸಗಾರರು ಜೀವದ ಹಂಗು ತೊರೆದು ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಇಳಿಸಿದರು, ಆಮೇಲೆ ಮಳೆಯೂ ಕೈ ಹಿಡಿಯಿತು, ಬೆಳೆ ಉಳಿಯಿತು. ಆದರೆ ಆ ವಾರದಲ್ಲಿ ಅವ್ವ ಒಂದು ಮಾತು ಕೇಳಿದಳು: "ಯಪ್ಪಾ, ನೀರು ಹೋತು ಅಂದ್ರ ಮನ್ಯಾಗ ತಿನ್ನಾಕ ಏನೈತಿ?" ನಾವು, "ರೇಷನ್ ಐತಲ್ಲವ್ವ" ಅಂದೆವು. "ಅದು ಸರಕಾರದ್ದು. ನಮ್ಮದು ಏನೈತಿ?" ಅಂದಳು. ನಮ್ಮ ಬಳಿ ಉತ್ತರ ಇರಲಿಲ್ಲ. ಎಷ್ಟೋ ದೂರದ ಒಂದು ಚೈನಿನ ಮೇಲೆ ನಮ್ಮ ಒಲೆ ನಿಂತಿದೆ ಅಂತ ಅವತ್ತು ಗೊತ್ತಾಯಿತು.

ಆ ವರ್ಷ ಹಿಂಗಾರಿಗೆ, ಕಾಲುವೆ ನೀರು ಹತ್ತದ ಮೇಲಿನ ಎರಿ ಹೊಲ ಒಂದು ಎಕರೆ ಇತ್ತಲ್ಲ, ಅದರಲ್ಲಿ ಮಾಲದಂಡಿ ಬಿತ್ತಿದೆವು. ಇದೇ ಎಂ. 35-1. ಭೂಮಿಯ ಹಸಿ ಹಿಡಿದು, ಚಳಿಗೆ ಬೆಳೆಯುವ ಜೋಳ. ಕೂರಿಗಿ ಹುಡುಕಿಕೊಂಡು ಎರಡು ಊರು ತಿರುಗಿದೆವು. ಬೆಳೆ ಆಳೆತ್ತರ ಬಂತು. ನೋಡಿದವರೆಲ್ಲ ನಿಂತು ನೋಡಿ ಹೋದರು. ಹಿರಿಯರೊಬ್ಬರು ಬದುವಿನ ಮೇಲೆ ಕುಂತು ತೆನೆ ಕೈಯಲ್ಲಿ ಹಿಡಿದು ಸುಮ್ಮನೆ ಕುಂತುಬಿಟ್ಟರು.

ಕಾಳು ಹಾಲು ತುಂಬಿದ ಕೂಡಲೇ ಹಕ್ಕಿ ಬಂದವು. ಗುಬ್ಬಿ, ಗಿಳಿ, ಬೆಳವ, ಹೆಸರು ಗೊತ್ತಿಲ್ಲದವೂ ಬಂದವು. ಸುತ್ತಲೂ ಎಲ್ಲಿ ನೋಡಿದರೂ ಗದ್ದೆ, ನಡುವೆ ನಮ್ಮದೊಂದೇ ಎಕರೆ ಜೋಳ. ಸೀಮೆಯ ಹಕ್ಕಿಗೆಲ್ಲ ನಮ್ಮದೊಂದೇ ಖಾನಾವಳಿ! ಅಟ್ಟ ಕಟ್ಟಿದೆವು, ಡಬ್ಬಿ ಬಡಿದೆವು, ಕವಣೆ ಬೀಸಿದೆವು, ಹಳೆ ಸೀರೆ ಕಟ್ಟಿದೆವು. ನಾವು ಈ ಮೂಲೆಯಲ್ಲಿ ಕೂಗಿದರೆ ಅವು ಆ ಮೂಲೆಗೆ. ಐದಾರು ಕ್ವಿಂಟಲ್ ಆಗುವ ಬೆಳೆಯಲ್ಲಿ ಕೈಗೆ ಬಂದದ್ದು ಎರಡೂವರೆ ಕ್ವಿಂಟಲ್. ಊರವರು ಕೆಲವರು ನಕ್ಕರು. "ಜೋಳ ಬಿತ್ತಿ ಹಕ್ಕಿ ದಾಸೋಹ ಮಾಡ್ಯಾರ ನಮ್ಮ ಡೈರೆಕ್ಟರು" ಅಂದರು. ನಾವೂ ನಕ್ಕೆವು. ಆದರೆ ರಾತ್ರಿ ಕುಂತು ಯೋಚನೆ ಮಾಡಿದಾಗ ಒಂದು ವಿಷಯ ತಿಳಿಯಿತು.

ಹಿಂದೆ ನಮ್ಮ ಅಪ್ಪನ ಕಾಲದಲ್ಲಿ ಹಕ್ಕಿ ಇರಲಿಲ್ಲವೆ? ಇದ್ದವು. ಬಹುಶಃ ಈಗಿನದಕ್ಕಿಂತ ಹೆಚ್ಚೇ ಇದ್ದವು. ಆದರೆ ಆಗ ಊರೆಲ್ಲ ಜೋಳ ಇತ್ತು. ಹಕ್ಕಿಯ ಪಾಲು ಎಲ್ಲರ ಹೊಲಕ್ಕೂ ಹಂಚಿಹೋಗುತ್ತಿತ್ತು, ಯಾರಿಗೂ ಭಾರ ಆಗುತ್ತಿರಲಿಲ್ಲ. ಈಗ ಒಬ್ಬನೇ ಬಿತ್ತಿದರೆ ಎಲ್ಲರ ಪಾಲಿನ ನಷ್ಟ ಅವನೊಬ್ಬನ ತಲೆ ಮೇಲೆ. ಒಬ್ಬನೇ ಬಿತ್ತಲಾರ, ಅದಕ್ಕೇ ಯಾರೂ ಬಿತ್ತೋದಿಲ್ಲ. ಬಂಧುಗಳೇ, ಇದು ಹಕ್ಕಿಯ ಸಮಸ್ಯೆ ಅಲ್ಲ, ಸಹಕಾರದ ಸಮಸ್ಯೆ. ಒಬ್ಬನಿಂದ ಆಗದ್ದನ್ನು ಹತ್ತು ಜನ ಕೂಡಿ ಮಾಡುವುದಕ್ಕೇ ಅಲ್ಲವೆ ಸಂಘ ಇರೋದು? 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಇದೇ ತತ್ವದ ಮೇಲೆ. ಅವರದೂ ಜೋಳ ಉಣ್ಣುವ ನಾಡೇ.

ಕೆಲವರು ಹೇಳಬಹುದು, ಈಗ ನಮ್ಮ ಸೀಮೆಯಲ್ಲಿ ಎರಡನೇ ಬೆಳೆಗೆ ಜೋಳ ಹಾಕ್ತಾರಲ್ಲ ಅಂತ. ನಿಜ, ಹಾಕ್ತಾರೆ. ನೀರು ಸಾಲದಾಗ ಹೈಬ್ರಿಡ್ ಜೋಳ ಹಾಕಿ ಬೆಂಬಲ ಬೆಲೆಗೆ ಕೊಡ್ತಾರೆ. 2025-26ನೇ ಸಾಲಿಗೆ ಹೈಬ್ರಿಡ್ ಜೋಳಕ್ಕೆ ಕ್ವಿಂಟಲ್‌ಗೆ 3,699 ರೂಪಾಯಿ, ಮಾಲದಂಡಿಗೆ 3,749, ಸಾಮಾನ್ಯ ಭತ್ತಕ್ಕೆ 2,369 ಅಂತ ಕೇಂದ್ರ ಸರಕಾರ ಗೊತ್ತು ಮಾಡಿದೆ. ಒಳ್ಳೆಯದೇ. ಆದರೆ ಆ ಜೋಳ ಹೊಲದಿಂದ ಖರೀದಿ ಕೇಂದ್ರಕ್ಕೆ ಹೋಗ್ತದೆ, ಮನೆಗೆ ಬರೋದಿಲ್ಲ. ನಾವು ಹೇಳುತ್ತಿರುವುದು ಮಾರುವ ಜೋಳದ ಮಾತಲ್ಲ, ಉಣ್ಣುವ ಜೋಳದ ಮಾತು.

ಲೆಕ್ಕ ಬಹಳ ಸಣ್ಣದು. ಐದು ಜನರ ಮನೆಗೆ ದಿನಕ್ಕೆ ಒಂದೂಕಾಲು ಕಿಲೋ ಹಿಟ್ಟು ಅಂದರೂ ವರ್ಷಕ್ಕೆ ನಾಲ್ಕೂವರೆ ಕ್ವಿಂಟಲ್ ಚಿಲ್ಲರೆ. ಹಕ್ಕಿ ಬಿಟ್ಟರೆ ಒಂದು ಎಕರೆ ಸಾಕು. ಹತ್ತು ಎಕರೆ ಇದ್ದವರು ಒಂಬತ್ತು ಎಕರೆ ಭತ್ತವನ್ನೇ ಹಚ್ಚಲಿ, ಯಾರು ಬೇಡ ಅಂತಾರೆ? ನಮ್ಮ ವಿನಂತಿ ಇಷ್ಟೇ. ಬರುವ ಹಿಂಗಾರಿಗೆ ಇಪ್ಪತ್ತು ಜನ ಸದಸ್ಯರು ಮುಂದೆ ಬರಬೇಕು. ನೀರು ಹತ್ತದ ಮೇಲಿನ ಹೊಲಗಳನ್ನೋ, ನೀರು ನಿಂತು ಭತ್ತಕ್ಕೆ ಬೇಸತ್ತ ಕೊನೆಯ ಹೊಲಗಳನ್ನೋ ನೋಡಿ, ಒಂದೇ ಕಡೆ ಮಗ್ಗುಲಲ್ಲಿ ಮಗ್ಗುಲು ಒಂದೊಂದು ಎಕರೆ ಜೋಳ ಬಿತ್ತಬೇಕು. ಸವುಳು ಬಿದ್ದ ಭೂಮಿಗೆ ಒಂದು ವರ್ಷ ನೀರಿನಿಂದ ಬಿಡುವೂ ಸಿಗ್ತದೆ. ಬೀಜವನ್ನು ಸಂಘ ಒಂದೇ ಸಲ ತರಿಸಲಿ. ಹಕ್ಕಿ ಕಾಯಲು ಪಾಳಿ ಹಚ್ಚೋಣ, ದಿನಕ್ಕೆ ನಾಲ್ಕು ಮನೆಯವರು. ರಾಶಿ ಯಂತ್ರವನ್ನು ಕೂಡಿ ತರೋಣ. ಭತ್ತಕ್ಕೆ ಎಕರೆಗೆ ಸಿಗುವಷ್ಟು ಸಾಲ ಜೋಳಕ್ಕೆ ಸಿಗೋದಿಲ್ಲ ಅನ್ನೋದು ಗೊತ್ತು. ಆದರೆ ಜೋಳಕ್ಕೆ ಅಷ್ಟು ಸಾಲದ ಗರಜೂ ಇಲ್ಲ.

ಈ ಮಾತನ್ನು ಮನೆಯಲ್ಲಿ ಹೇಳಿದಾಗ ನಮ್ಮ ಮನೆಯವರು ಒಂದು ಮಾತು ಕೇಳಿದರು. ಅದನ್ನು ಇಲ್ಲಿ ಮುಚ್ಚಿಡಬಾರದು. "ಏನ್ರೀ, ಜೋಳ ಬಿತ್ತೋರು ನೀವು, ಭಾಷಣ ಮಾಡೋರು ನೀವು, ದಿನಾ ಮುಂಜಾನೆ ಒಲಿ ಮುಂದ ಕುಂತು ಇಪ್ಪತ್ತು ರೊಟ್ಟಿ ಬಡಿಯೋರು ಯಾರು? ಅನ್ನ ಆದ್ರ ಕುಕ್ಕರಿಗಿಟ್ಟು ಹೊಲಕ್ಕ ಹೋಗಬಹುದು." ತಾಯಂದಿರು ಚಪ್ಪಾಳೆ ಹೊಡೀತಿದ್ದೀರಿ, ಹೊಡೀರಿ! ಅವರ ಮಾತು ಸತ್ಯ. ಜೋಳ ಹೋದದ್ದು ಭತ್ತದಿಂದ ಅಷ್ಟೇ ಅಲ್ಲ, ಹೊಲದ ಕೆಲಸ ಮಾಡಿ ಬಂದ ಹೆಣ್ಣುಮಗಳ ತೋಳು ಸೋತದ್ದರಿಂದಲೂ ಹೋಗಿದೆ. ಗಂಡಸರು ನಾವು ಇದನ್ನು ಒಪ್ಪಿಕೊಳ್ಳದೆ ಬರೀ ರೊಟ್ಟಿ ರೊಟ್ಟಿ ಅಂದರೆ ಅದು ಅನ್ಯಾಯ.

ಅದಕ್ಕೆ ಎರಡು ದಾರಿ ತೋರ್ತದೆ. ಒಂದು, ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಸುತ್ತಲ ಊರಿನ ತಾಯಂದಿರು ಕೂಡಿ ರೊಟ್ಟಿ ಮಾಡಿ ಬಂಡಿ, ಟ್ರ್ಯಾಕ್ಟರ್ ತುಂಬಿ ಕಳಿಸುವುದನ್ನು ನೀವು ನೋಡಿದ್ದೀರಿ. ಒಬ್ಬಳೇ ಮಾಡಿದರೆ ಬೇಸರ, ಹತ್ತು ಜನ ಕೂಡಿದರೆ ಹಾಡಿನ ಜೋಡಿ ಸಾವಿರ ರೊಟ್ಟಿ. ಹಾಗೆ ಮಹಿಳಾ ಸ್ವಸಹಾಯ ಗುಂಪಿನವರು ವಾರಕ್ಕೆರಡು ದಿನ ಕೂಡಿ ಕಟಕ ರೊಟ್ಟಿ ಮಾಡಲಿ. ಸಂಘದ ಗೋದಾಮಿನ ಒಂದು ಕೋಣೆ ಅವರಿಗೆ ಕೊಡಬೇಕು, ಕೂಲಿ ಸರಿಯಾಗಿ ಮುಟ್ಟಬೇಕು. ರೊಟ್ಟಿ ಯಂತ್ರ ಬಂದಿವೆ, ಅದನ್ನೂ ವಿಚಾರ ಮಾಡೋಣ. ಇನ್ನೊಂದು ದಾರಿ, ಗಂಡಸರು ಕಲಿಯೋದು. ನಾವು ಕಲಿಯಲು ಕುಂತಿದ್ದೇವೆ. ಮೊದಲ ದಿನ ಬಡಿದದ್ದು ರಾಯಚೂರು ಜಿಲ್ಲೆಯ ನಕಾಶೆ ಇದ್ದಂಗ ಇತ್ತು ಅಂತ ಮಗ ನಕ್ಕ. ಹರಿದ ರೊಟ್ಟಿಯನ್ನೇ ಅವ್ವ ತಿಂದಳು. "ಹಿಟ್ಟಿಗೆ ಬಿಸಿನೀರು ಕಡಿಮಿ ಆಗೇತಿ, ಚಂದ ನಾದಿಲ್ಲ" ಅಂದಳು. ಬೇಡ ಅನ್ನಲಿಲ್ಲ. ಈಗ ದುಂಡಗೆ ಬರ್ತಾವೆ, ಅಂಚು ಸ್ವಲ್ಪ ದಪ್ಪ.

ಮಕ್ಕಳು ಚಿಕ್ಕಂದಿನಲ್ಲಿ ಏನು ತಿಂತಾರೋ ಅದು ಅವರ ನಾಲಗೆಗೆ ತವರುಮನೆ. ನಮ್ಮ ಮಕ್ಕಳು ಮುಂದೆ ಬೆಂಗಳೂರಿಗೆ ಹೋಗ್ತಾರೆ, ದೇಶ ವಿದೇಶಕ್ಕೆ ಹೋಗ್ತಾರೆ, ಹೋಗಲಿ. ಅಲ್ಲಿ ಒಂದು ದಿನ ಹೊಟ್ಟೆ ತುಂಬಿದರೂ ಊಟ ಆಗಿಲ್ಲ ಅನಿಸಿದಾಗ, ಅವರಿಗೆ ನೆನಪಾಗಲು ಒಂದು ರುಚಿ ಇರಬೇಕಲ್ಲ? ಅದನ್ನು ನಾವು ಈಗ ಕೊಡದಿದ್ದರೆ ಅವರು ಹಸಿದಾಗ ಯಾವ ಊರನ್ನು ನೆನೆಯಬೇಕು?

ಹಿಂದಿನ ವೀರರು ಜೋಳದ ಋಣ ತೀರಿಸಲು ಪ್ರಾಣ ಕೊಟ್ಟರಂತೆ. ನಮ್ಮನ್ನು ಯಾರೂ ಪ್ರಾಣ ಕೇಳುತ್ತಿಲ್ಲ. ಒಂದು ಎಕರೆ ಕೇಳುತ್ತಿದ್ದೇವೆ. ಮನಸ್ಸಿದ್ದವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ. ಮೊದಲನೇ ಹೆಸರು ನಮ್ಮದು ಬರೆದಾಗಿದೆ. ಇನ್ನು ಹತ್ತೊಂಬತ್ತು ಬೇಕು. ಈ ಸಲವೂ ನಮ್ಮನ್ನು ಒಬ್ಬರನ್ನೇ ಹಕ್ಕಿಗೆ ಬಿಡಬೇಡಿ.

ಮಾತಿನಲ್ಲಿ ಏನಾದರೂ ಹೆಚ್ಚು ಕಡಿಮೆ ಆಗಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ. ಸಂಘ ಸುವರ್ಣ ಮಹೋತ್ಸವ ಮಾಡುವ ದಿನ ಇಲ್ಲಿ ಬರುವ ಪಂಕ್ತಿಯಲ್ಲಿ ನಮ್ಮೂರ ಹೊಲದ ಜೋಳದ ರೊಟ್ಟಿ ಬಡಿಸುವಂತಾಗಲಿ ಅಂತ ಹಾರೈಸಿ, ನಮ್ಮ ಮಾತು ಮುಗಿಸುತ್ತೇವೆ.

ಜೈ ಹಿಂದ್. ಜೈ ಕರ್ನಾಟಕ. ಜೈ ಸಹಕಾರ.